ಐರ್ಲೆಂಡಿನ ಹಸುಗಳಿಗೆ ನಮ್ಮ ಬರಿ

ಡಬ್ಲಿನ್

ಪುತ್ತೂರು ಬಸ್‌ಸ್ಟ್ಯಾಂಡಿನಲ್ಲಿ ನಾನು ಏಜೆಂಟ್. "ಬೆಳ್ಳಾರೆ ಸುಳ್ಯ, ಬೆಳ್ಳಾರೆ ಸುಳ್ಯ" ಎಂದು ಕೂಗಿ ಕೂಗಿ ನನ್ನ ಸ್ವರ ಹೀಗೆ ಒಡೆದದ್ದು. ಅರ್ಧ ತಾಲೂಕಿನ ಜನರನ್ನು ಬಸ್ಸು ಹತ್ತಿಸಿದ ಇದೇ ನಾನು ಡಬ್ಲಿನ್ನಿನಲ್ಲಿ ತಪ್ಪು ಬಸ್ಸು ಹತ್ತಿದೆ. ಮೊದಲೇ ಹೇಳಿಬಿಡುತ್ತೇನೆ. ನಮ್ಮ ಡ್ರೈವರುಗಳು ಇದನ್ನು ಬೇರೆಯವರ ಬಾಯಿಂದ ಕೇಳಿ ನಗುವುದಕ್ಕಿಂತ ನನ್ನ ಎದುರೇ ನಗಲಿ.

ತಪ್ಪು ನನ್ನದಲ್ಲ ಮಾರಾಯ್ರೆ. ಅಲ್ಲಿ ಕೂಗುವವರೇ ಇಲ್ಲ! ಬಸ್ಸು ಬಂದು ನಿಲ್ಲುತ್ತದೆ, ಜನ ಸಾಲಾಗಿ ಹತ್ತುತ್ತಾರೆ, ಬಸ್ಸು ಹೊರಡುತ್ತದೆ. ಒಂದು ಸ್ವರ ಇಲ್ಲ, ಒಂದು ಸೀಟಿ ಇಲ್ಲ. ಬೋರ್ಡು ಓದಬೇಕಂತೆ. ಬೋರ್ಡು ಓದಿ ಬಸ್ಸು ಹತ್ತುವ ಅಭ್ಯಾಸ ಏಜೆಂಟನಿಗೆ ಎಲ್ಲಿಂದ ಬರಬೇಕು? ತುಂಬಾ ದೂರ ಹೋದ ಮೇಲೆ ಡ್ರೈವರನ ಹತ್ತಿರ ಹೋಗಿ ನನ್ನ ಹೈಸ್ಕೂಲು ಇಂಗ್ಲಿಷಿನಲ್ಲಿ ಊರಿನ ಹೆಸರು ಹೇಳಿದೆ. ಆತ ತಲೆಗೆ ಕೈಯಿಟ್ಟ. ಆದರೆ ಬಯ್ಯಲಿಲ್ಲ, ನಡುದಾರಿಯಲ್ಲಿ ಇಳಿಸಲೂ ಇಲ್ಲ. ನಮ್ಮ ಕಬಕದ ಹಾಗಿನ ಒಂದು ಕೂಡುರಸ್ತೆಯಲ್ಲಿ ಬಸ್ಸು ನಿಲ್ಲಿಸಿ, ನನ್ನ ದಾರಿಯ ಬಸ್ಸು ಬರುವವರೆಗೂ ಕಾದು, ಜಿಟಿಜಿಟಿ ಮಳೆಯಲ್ಲಿ ನನ್ನ ಟ್ರಂಕನ್ನು ತಾನೇ ಹೊತ್ತು ಆ ಬಸ್ಸಿಗೆ ಹಾಕಿದ. ಇಬ್ಬರು ಡ್ರೈವರುಗಳೂ ಸ್ವಲ್ಪ ಹೊತ್ತು ಯಾರದೋ ತಾಯಿಯ ಮೊಣಕಾಲಿನ ವಿಷಯ ಮಾತಾಡಿದರು. ಬಸ್ಸಿನ ತುಂಬ ಜನ, ಒಬ್ಬನೂ "ಬೇಗ ಬಿಡಿ" ಎನ್ನಲಿಲ್ಲ. ಇಳಿಯುವಾಗ ಪ್ರತಿಯೊಬ್ಬರೂ ಡ್ರೈವರನಿಗೆ ಥ್ಯಾಂಕ್ಸ್ ಹೇಳಿ ಇಳಿದರು. ನಮ್ಮಲ್ಲಿ ಇಳಿಯುವಾಗ ಹೇಳುವ ಮಾತುಗಳನ್ನು ಇಲ್ಲಿ ಬರೆಯಲಿಕ್ಕೆ ಆಗುವುದಿಲ್ಲ.

ನಾನು ಹೋದದ್ದು ಎರಡು ಕೆಲಸಕ್ಕೆ. ನನ್ನ ತಂಗಿ ಕಮಲ ರಾಮಕುಂಜದಲ್ಲಿರುವುದು. ಭಾವ ತೀರಿಕೊಂಡಾಗ ಅವಳ ಮಗಳು ಸುಮತಿ ಇನ್ನೂ ಸಣ್ಣವಳು. ಅವಳನ್ನು ಪುತ್ತೂರಿನ ಶಾಲೆಗೆ ಸೇರಿಸಿದ್ದು ನಾನು, ದಿನಾ ಬಸ್ಸಿನ ಮುಂದಿನ ಸೀಟಿನಲ್ಲಿ ಕೂರಿಸಿ ಕರೆತರಿಸಿದ್ದೂ ನಾನೇ. ಹುಡುಗಿಗೆ ಲೆಕ್ಕ ಎಂದರೆ ನೀರು ಕುಡಿದ ಹಾಗೆ. ಅವಳ ಕಾಲೇಜಿನ ಮೇಷ್ಟ್ರೊಬ್ಬರು ಎಲ್ಲೆಲ್ಲಿಗೋ ಬರೆದು, ಐರ್ಲೆಂಡಿನ ಒಂದು ಸಣ್ಣ ಊರಿನ ಕಾಲೇಜಿನಲ್ಲಿ ವಿದ್ಯಾರ್ಥಿವೇತನ ಸಿಗುವ ಹಾಗೆ ಮಾಡಿದರು. ಇದು ಎಂಬತ್ತರ ದಶಕದ ನಡುವಿನ ಮಾತು. ಆಗ ಪುತ್ತೂರಿನಲ್ಲಿ ಕಂಪ್ಯೂಟರ್ ನೋಡಿದವರೇ ಇರಲಿಲ್ಲ ಎಂದರೂ ಆದೀತು. ನಾನು ಹೋಗುವಾಗ ಅವಳ ಕೊನೆಯ ಪರೀಕ್ಷೆ, ಮಾಡಿದ ಕೆಲಸವನ್ನು ಜನರ ಎದುರು ತೋರಿಸಬೇಕಿತ್ತು. ಅದನ್ನು ನೋಡುವುದು ನನ್ನ ಒಂದು ಕೆಲಸ.

ಇನ್ನೊಂದು, ನನ್ನ ಮಗ ಹರೀಶನಿಗೆ ಅವಳನ್ನು ಕೇಳುವುದು. ನಮ್ಮ ಬಂಟರಲ್ಲಿ ಗೋತ್ರದ ಹಾಗೆ ಬರಿ ಅಂತ ಉಂಟು, ಅದು ತಾಯಿಯಿಂದ ಬರುವುದು. ಒಂದೇ ಬರಿಯವರು ಅಣ್ಣತಂಗಿಯರ ಲೆಕ್ಕ, ಅವರೊಳಗೆ ಮದುವೆ ಇಲ್ಲ. ನಾನು, ತಂಗಿ, ತಂಗಿಯ ಮಗಳು ಎಲ್ಲ ಒಂದು ಬರಿ. ಹರೀಶ ಅವನ ತಾಯಿಯ ಬರಿ, ಅಂದರೆ ಬೇರೆ. ಹಾಗಾಗಿ ಸುಮತಿ ಅವನಿಗೆ ಆಗುತ್ತಾಳೆ. ಸುಮ್ಮನೆ ಆಗುವುದಲ್ಲ, ಮೊದಲ ಹಕ್ಕು ಅವನದ್ದೇ. ಹರೀಶನದ್ದು ಪುತ್ತೂರಿನಲ್ಲಿ ಪಂಪ್‌ಸೆಟ್ಟಿನ ಅಂಗಡಿ, ಒಳ್ಳೆಯ ಹುಡುಗ. "ಇದೆಲ್ಲ ಪತ್ರದಲ್ಲಿ ಬರೆಯುವ ವಿಷಯ ಅಲ್ಲ ಅಣ್ಣಾ, ನೀವೇ ಹೋಗಿ ಕೇಳಿ" ಎಂದು ಕಮಲ ಹೇಳಿದಳು.

ಸುಮತಿಯ ಊರು

ಬಸ್ಸಿಳಿದವನೇ ಕೊಡೆ ಬಿಡಿಸಿದೆ. ನಮ್ಮೂರ ಆಟಿ ತಿಂಗಳ ಜಡಿಮಳೆಯನ್ನು ತಡೆದ ಕೊಡೆ ಅದು. ಅಲ್ಲಿಯ ಗಾಳಿ ಒಂದೇ ಸಲಕ್ಕೆ ಅದನ್ನು ಮಗುಚಿ ಹಾಕಿತು. ಅಲ್ಲಿ ಮಳೆ ಮೇಲಿನಿಂದ ಬರುವುದಿಲ್ಲ, ಬದಿಯಿಂದ ಬರುತ್ತದೆ. ಊರಿನ ಜನ ಕೊಡೆ ಹಿಡಿಯುವುದೇ ಇಲ್ಲ, ಒದ್ದೆಯಾಗಿಕೊಂಡೇ ನಿಂತು "ಒಳ್ಳೆ ದಿನ ಅಲ್ವಾ" ಎಂದು ಮಾತಾಡುತ್ತಾರೆ. ನಾನು ಮಗುಚಿದ ಕೊಡೆಯ ಜೊತೆ ಗುದ್ದಾಡುತ್ತಿದ್ದಾಗಲೇ ಸುಮತಿ ಓಡಿ ಬಂದು ನಡುರಸ್ತೆಯಲ್ಲಿ ನನ್ನ ಕಾಲು ಮುಟ್ಟಿದಳು. ಪ್ಯಾಂಟು, ದಪ್ಪ ಸ್ವೆಟರ್. ಸಪೂರವಾಗಿದ್ದಳು, ಆದರೆ ಮುಖದಲ್ಲಿ ಕಳೆ ಇತ್ತು.

ಅವಳು ಇದ್ದದ್ದು ಬ್ರೀಡಾ ಎಂಬ ವಿಧವೆಯ ಮನೆಯ ಮೇಲಿನ ಕೋಣೆಯಲ್ಲಿ. ಕೆಳಗಿನ ಕೋಣೆ ನನಗೆ. ಹೋದ ಕೂಡಲೇ ಬ್ರೀಡಾಬಾಯಿ "ಚಾ ಕುಡಿಯುತ್ತೀರಾ" ಎಂದು ಕೇಳಿದರು. ಬಿಳಿಯರು ಎರಡನೇ ಸಲ ಕೇಳುವುದಿಲ್ಲ, ಬೇಕಾದರೆ ಮೊದಲೇ ಹೂಂ ಅನ್ನಬೇಕು ಎಂದು ಬೊಂಬಾಯಿಯಲ್ಲಿ ವಿಮಾನ ಹತ್ತುವಾಗ ಯಾರೋ ಹೇಳಿಕೊಟ್ಟಿದ್ದರು. ಆದರೂ ಬಾಯಿ ತಪ್ಪಿ "ಬೇಡ ಬೇಡ" ಅಂದೆ. ಕಥೆ ಮುಗಿಯಿತು ಅಂದುಕೊಂಡೆ. ಇಲ್ಲ! ಅವರು ಮತ್ತೆ ಕೇಳಿದರು. ನಾನು ಮತ್ತೆ ಬೇಡ ಅಂದೆ. ಮೂರನೇ ಸಲ ಕೇಳುವಾಗ ಚಾ ಆಗಲೇ ಮೇಜಿನ ಮೇಲೆ ಇತ್ತು, ಜೊತೆಗೆ ಬೆಣ್ಣೆ ಹಚ್ಚಿದ ರೊಟ್ಟಿ. ನಮ್ಮ ರಾಮಕುಂಜದ ಮನೆಗಳಲ್ಲಿ ಕೂಡ ಇಷ್ಟು ಒತ್ತಾಯ ಈಗ ಕಡಿಮೆಯಾಗಿದೆ. ಆ ದೇಶದ ಮೇಲೆ ನನಗೆ ಪ್ರೀತಿ ಹುಟ್ಟಿದ್ದು ಅಲ್ಲಿಂದ.

ಕಾಲೇಜು

ಮರುದಿನ ಸುಮತಿ ಕಂಪ್ಯೂಟರ್ ಕೋಣೆಗೆ ಕರೆದುಕೊಂಡು ಹೋದಳು. ಕಪ್ಪು ಗಾಜು, ಅದರ ಮೇಲೆ ಹಸಿರು ಅಕ್ಷರ. ಅಕ್ಷರ ಮಿಣಮಿಣ ಎನ್ನುವಾಗ ನನಗೆ ಕಣ್ಣು ನೋವು. ಹುಡುಗಹುಡುಗಿಯರು ಪಾಠ ಮಾಡುವವರನ್ನೇ ಹೆಸರು ಹಿಡಿದು ಕರೆಯುತ್ತಿದ್ದರು. ಸುಮತಿಯ ಟೀಚರು ಆನ್ ಎಂಬ ಹೆಂಗಸು, ನಡುಪ್ರಾಯ ದಾಟಿದವರು. ನನ್ನನ್ನು ಕಂಡವರೇ ತಮ್ಮ ಕುರ್ಚಿ ನನಗೆ ಕೊಟ್ಟು ತಾವು ಮೇಜಿನ ತುದಿಯಲ್ಲಿ ಕೂತರು.

"ನೀನು ಕಲಿಯುದು ಎಂತ ಅಂತ ಸರಿಯಾಗಿ ಹೇಳು ಮಾರಾಯ್ತಿ. ಊರಿನಲ್ಲಿ ಎಲ್ಲರೂ ಕೇಳ್ತಾರೆ. ನಾನು ಕಂಪ್ಯೂಟರ್ ರಿಪೇರಿ ಅಂತ ಹೇಳಿದ್ದೇನೆ" ಎಂದೆ.

ಸುಮತಿ ನಕ್ಕಳು. "ಇನ್ಫಾರ್ಮೇಶನ್ ಸಿಸ್ಟಮ್ಸ್ ಅಂದ್ರೆ ರಿಪೇರಿ ಅಲ್ಲ ಮಾವ. ಈಗ ಬಸ್‌ಸ್ಟ್ಯಾಂಡಿನಲ್ಲಿ ಯಾವ ಬಸ್ಸು ಕೆಟ್ಟಿದೆ, ಯಾವುದು ತಡ, ಎಲ್ಲಿಗೆ ಜನ ಜಾಸ್ತಿ ಉಂಟು ಅಂತ ನಿಮಗೆ ಗೊತ್ತಿರ್ತದಲ್ಲ. ನೀವು ರಜೆ ಹಾಕಿದ್ರೆ ಯಾರಿಗೂ ಗೊತ್ತಾಗುದಿಲ್ಲ. ಯಾರಿಗೆ ಎಂತ ವಿಷಯ ಯಾವಾಗ ಬೇಕು ಅಂತ ಅವರ ಹತ್ತಿರ ಕೂತು ಕೇಳಿ ತಿಳ್ಕೊಳ್ಳುದು, ಅದು ಸಿಗುವ ಹಾಗೆ ಮಾಡುದು. ಮಿಷನ್ ಕೊನೆಗೆ ಬರುದು."

"ಅಂದ್ರೆ ನನ್ನ ಕೆಲಸ."

"ಹೌದು, ನಿಮ್ಮದೇ ಕೆಲಸ. ಕೂಗುದು ಮಾತ್ರ ಇಲ್ಲ."

ಇದು ನನಗೆ ಬಹಳ ಹಿಡಿಸಿತು. ಅಲ್ಲಿ ಪುಸ್ತಕ ಓದಿ ಪರೀಕ್ಷೆ ಬರೆದರೆ ಸಾಲದು. ನಿಜವಾದ ಒಂದು ಜಾಗಕ್ಕೆ ಹೋಗಿ, ನಿಜವಾದ ಜನರ ಒಂದು ತೊಂದರೆಯನ್ನು ಸರಿಮಾಡಿ, ಅವರ ಕೈಯಿಂದಲೇ ಸೈ ಅನ್ನಿಸಿಕೊಳ್ಳಬೇಕು. ಸುಮತಿಗೆ ಸಿಕ್ಕಿದ್ದು ದನ ಸಾಕುವವರ ಒಂದು ಸಂಘ. ಒಳ್ಳೆಯ ಹೋರಿಗಳ ಬೀಜವನ್ನು ಸುತ್ತಲಿನ ಹಳ್ಳಿಗಳ ಹಸುಗಳಿಗೆ ಇಂಜೆಕ್ಷನ್ ಮೂಲಕ ಕೊಡುವುದು ಆ ಸಂಘದ ಕೆಲಸ. ಹತ್ತಿರದ ಸಂಬಂಧದೊಳಗೆ ಗಬ್ಬ ಕಟ್ಟಿದರೆ ಕರುಗಳು ಸೊರಗುತ್ತವೆ. ಯಾವ ಹಸುವಿಗೆ ಯಾವ ಹೋರಿ ಆಗುತ್ತದೆ, ಯಾವುದು ಆಗುವುದಿಲ್ಲ ಎಂದು ಕೇಳಿದ ಕೂಡಲೇ ಕಂಪ್ಯೂಟರ್ ಹೇಳಬೇಕು. ಸುಮತಿ ಇಡೀ ಚಳಿಗಾಲ ದನದ ಹಟ್ಟಿಯಿಂದ ಹಟ್ಟಿಗೆ ತಿರುಗಿ, ಸೆಗಣಿ ತುಳಿದು, ರೈತರ ಹತ್ತಿರ ಕೂತು ಇದನ್ನು ಮಾಡಿದ್ದಳಂತೆ. ಇದರಲ್ಲಿ ಪಾಸಾಗದಿದ್ದರೆ ಡಿಗ್ರಿ ಇಲ್ಲ. ಇನ್ನೊಂದು ವರ್ಷ ಕೂರಲಿಕ್ಕೆ ವಿದ್ಯಾರ್ಥಿವೇತನವೂ ಇಲ್ಲ.

ತೋರಿಸುವ ದಿನ

"ನಾಳೆ ಸೀರೆ ಉಡು. ನಾಲ್ಕು ಜನ ದೊಡ್ಡವರು ಬರ್ತಾರೆ" ಎಂದೆ ಹಿಂದಿನ ದಿನ. "ಹೂಂ ಮಾವ" ಎಂದಳು. ಬೆಳಿಗ್ಗೆ ನೋಡಿದರೆ ಅದೇ ಬದಿಮಳೆ, ಮೈ ಕೊರೆಯುವ ಗಾಳಿ. ಸೀರೆಯ ನೆರಿಗೆ ಎಲ್ಲ ಒದ್ದೆಯಾಗಿ ಕಾಲಿಗೆ ಸುತ್ತಿಕೊಂಡು, ಕಾಲೇಜು ಮುಟ್ಟುವಾಗ ಹುಡುಗಿಯ ಹಲ್ಲು ಕಟಕಟ ಅನ್ನುತ್ತಿತ್ತು. ಆನ್ ಟೀಚರು ತಮ್ಮ ಕೋಟು ತೆಗೆದು ಅವಳಿಗೆ ಹೊದಿಸಿದರು.

ಬೇರೆ ಊರಿನಿಂದ ಬಂದ ಪರೀಕ್ಷಕರು ಒಬ್ಬರು. ಸಂಘದ ಕಾರ್ಯದರ್ಶಿ ಡೋಲನ್ ಎಂಬ ಆಳೆತ್ತರದ ಮುದುಕ, ಕೆಂಪು ಮುಖ, ಬೂಟಿನಲ್ಲಿ ಕೆಸರು. ಹಿಂದೆ ಏಳೆಂಟು ರೈತರು, ಟೊಪ್ಪಿ ತೊಡೆಯ ಮೇಲೆ ಇಟ್ಟುಕೊಂಡು ಮದುವೆಗೆ ಬಂದವರ ಹಾಗೆ ಕೂತಿದ್ದರು. ಸುಮತಿ ಒಂದು ಹಸುವಿನ ಹೆಸರು ಒತ್ತಿದಳು. ಅದರ ತಾಯಿ, ಅಜ್ಜಿ, ಮುತ್ತಜ್ಜಿ ಎಲ್ಲ ಪಟಪಟನೆ ಗಾಜಿನ ಮೇಲೆ ಬಂದರು. ರೈತರು "ಓಹೋ" ಎಂದರು. ನನ್ನ ಎದೆ ಉಬ್ಬಿತು.

ಆಮೇಲೆ ಡೋಲನ್ ಎದ್ದು ಬಂದು, ಒಂದು ಕಡಸಿನ ಹೆಸರನ್ನೂ ಒಂದು ಹೋರಿಯ ಹೆಸರನ್ನೂ ಹೇಳಿ, ಇವೆರಡಕ್ಕೆ ಆಗ್ತದಾ ಕೇಳಿ ಎಂದ. ಸುಮತಿ ಕೇಳಿದಳು. "ಆಗಬಹುದು" ಎಂದು ಬಂತು.

ಡೋಲನ್ ಗಂಟಲು ಸರಿಮಾಡಿಕೊಂಡು, ಬಹಳ ಮೆಲ್ಲಗೆ, "ಅಮ್ಮಾ, ಆ ಹೋರಿ ಆ ಕಡಸಿನ ಅಪ್ಪ" ಎಂದ.

ಅಯ್ಯೋ ದೇವರೇ! ನನಗೆ ಕೂಡಲೇ ಹೊಳೆಯಿತು. ಆ ಕೋಣೆಯಲ್ಲಿ ಹೊಳೆದದ್ದು ನನಗೆ ಮಾತ್ರ. ಹುಡುಗಿ ಐರ್ಲೆಂಡಿನ ಹಸುಗಳಿಗೆ ನಮ್ಮ ಬರಿ ಹಾಕಿದ್ದಾಳೆ! ತಾಯಿಯ ಬಳ್ಳಿ ಒಂದೇ ಆದರೆ ಬೇಡ, ಬೇರೆಯಾದರೆ ಆಗಬಹುದು. ಅಪ್ಪ ಯಾವಾಗಲೂ ಬೇರೆ ಬರಿಯವನು, ಹಾಗಾಗಿ ಅವನು ಲೆಕ್ಕಕ್ಕೇ ಇಲ್ಲ. ಸಂಬಂಧ ತಾಯಿಯ ಕಡೆಯಿಂದಲೋ ತಂದೆಯ ಕಡೆಯಿಂದಲೋ ಎಂದು ಅವಳು ಯಾರನ್ನೂ ಕೇಳಲಿಲ್ಲ. ರೈತರೂ ಹೇಳಲಿಲ್ಲ. ಸೂರ್ಯ ಯಾವ ದಿಕ್ಕಿನಲ್ಲಿ ಹುಟ್ಟುತ್ತಾನೆ ಎಂದು ಯಾರಾದರೂ ಕೇಳುತ್ತಾರಾ? ಮೂರು ವರ್ಷ ಕಲಿತ ವಿದ್ಯೆಯಲ್ಲಿ ಮೊದಲ ಪಾಠವೇ ಕೇಳಬೇಕು ಎಂಬುದು, ಅಲ್ಲಿಯೇ ನಮ್ಮ ಹುಡುಗಿ ಎಡವಿದಳು.

ಸುಮತಿಯ ಮುಖ ಸುಣ್ಣದ ಹಾಗಾಗಿತ್ತು. ಆದರೆ ಅಳಲಿಲ್ಲ, ನೆವ ಹೇಳಲಿಲ್ಲ. ನಮ್ಮ ಕುಟುಂಬಗಳಲ್ಲಿ ಲೆಕ್ಕ ಹೀಗೆ, ಅದನ್ನೇ ನಾನು ದನಗಳಿಗೂ ಹಾಕಿದೆ, ತಪ್ಪು ನನ್ನದು ಎಂದು ನಿಂತಲ್ಲೇ ಹೇಳಿದಳು. ಪರೀಕ್ಷಕರು ಕನ್ನಡಕ ತೆಗೆದು ಅವಳನ್ನು ನೋಡಿದರು. ನಮ್ಮಲ್ಲಾದರೆ ಫೈಲು ಮುಚ್ಚಿ ಎದ್ದು ಹೋಗುತ್ತಿದ್ದರು. ಇವರು ಬರುವ ಶುಕ್ರವಾರದವರೆಗೆ ಇದೇ ಸೀಮೆಯಲ್ಲಿ ಇರುತ್ತೇನೆ, ಅಷ್ಟರೊಳಗೆ ಸರಿಮಾಡಿದರೆ ಮತ್ತೆ ನೋಡುತ್ತೇನೆ ಎಂದರು. ಆನ್ ಟೀಚರು, "ಇಷ್ಟು ಒಳ್ಳೆಯ ತಪ್ಪನ್ನು ನಾನು ಈವರೆಗೆ ನೋಡಿರಲಿಲ್ಲ. ಹೋಗಿ ಸರಿಮಾಡು" ಎಂದು ಬೆನ್ನು ತಟ್ಟಿದರು. ತಪ್ಪಿಗೂ ಒಳ್ಳೆಯದು ಕೆಟ್ಟದು ಉಂಟು ಎಂದು ತಿಳಿದ ಟೀಚರು ನನಗೆ ಶಾಲೆಯಲ್ಲಿ ಸಿಗಲಿಲ್ಲ.

ಮನೆಗೆ ಬಂದ ಮೇಲೆ ಬ್ರೀಡಾಬಾಯಿ ಒದ್ದೆ ಸೀರೆಯನ್ನು ಒಲೆಯ ಹತ್ತಿರ ಹರವುತ್ತಾ, "ಪಾಪ, ನಿನ್ನೆಯೇ ಉಣ್ಣೆಯ ಪ್ಯಾಂಟು ಇಸ್ತ್ರಿ ಮಾಡಿ ಇಟ್ಟಿದ್ದಳು. ನೀವು ಹೇಳಿದಿರಂತೆ, ಅದನ್ನು ಒಳಗಿಟ್ಟು ಇದನ್ನು ಉಟ್ಟಳು" ಎಂದರು. ನಾನು ಸೀರೆಯ ಇನ್ನೊಂದು ತುದಿ ಹಿಡಿದೆ.

ಡೋಲನ್‌ನ ಹಟ್ಟಿ

ಮರುದಿನ ಬೆಳಿಗ್ಗೆ ಬಾಗಿಲು ಬಡಿದವನು ಡೋಲನ್. ಸುಮತಿಯನ್ನು ಎಲ್ಲರ ಎದುರು ಮುಳುಗಿಸಿದ ಅದೇ ಮುದುಕ, ತನ್ನ ಹಳೆಯ ಕಾರು ತಂದು ನಿಲ್ಲಿಸಿದ್ದ. "ಎಲ್ಲಾ ಹಟ್ಟಿಗಳಿಗೂ ಇನ್ನೊಮ್ಮೆ ಹೋಗಬೇಕಲ್ಲ, ನಡೆದು ಹೋದರೆ ಯಾವಾಗ ಮುಗಿಯುತ್ತದೆ? ಹತ್ತಿ" ಎಂದ. ನನ್ನ ಸಿಟ್ಟು ಅಲ್ಲೇ ಇಳಿಯಿತು.

ಹಿಂದಿನ ಸೀಟಿನಲ್ಲಿ ನಾನು, ಒಂದು ನಾಯಿ, ಒಂದು ಮೂಟೆ ಹಿಂಡಿ. ಎದುರಿನಿಂದ ಬರುವ ಪ್ರತಿಯೊಂದು ಗಾಡಿಯವನೂ ಸ್ಟಿಯರಿಂಗಿನಿಂದ ಒಂದು ಬೆರಳು ಎತ್ತುತ್ತಾನೆ, ಡೋಲನ್ ಕೂಡ ಎತ್ತುತ್ತಾನೆ. ಪರಿಚಯದವರಾ ಎಂದು ಕೇಳಿದೆ. ಅಲ್ಲವಂತೆ, ಸುಮ್ಮನೆ. ಸ್ವಲ್ಪ ಹೊತ್ತಿನಲ್ಲಿ ನಾನೂ ಹಿಂದಿನಿಂದ ಬೆರಳು ಎತ್ತತೊಡಗಿದೆ. ಊರಿಗೆ ಬಂದ ಮೇಲೆ ಸುಳ್ಯದ ರಸ್ತೆಯಲ್ಲಿ ಇದನ್ನು ಮಾಡಿ ನೋಡಿದೆ, ಎದುರಿನ ಲಾರಿಯವನು ಬ್ರೇಕು ಹಾಕಿ ಎಂತಾಯ್ತು ಎಂದು ಕೇಳಿದ.

ಸುಮತಿ ಈ ಸಲ ಕೇಳಿದ ರೀತಿಯೇ ಬೇರೆ. ತನಗೆ ಗೊತ್ತಿದೆ ಎಂದುಕೊಂಡದ್ದನ್ನೆಲ್ಲ ಮೊದಲು ಕೇಳಿದಳು. ಈ ಕರುವಿನ ಅಪ್ಪ ಯಾರು, ಅಪ್ಪನ ಅಪ್ಪ ಯಾರು, ಅಪ್ಪನ ತಂಗಿ ಯಾರ ಹಟ್ಟಿಯಲ್ಲಿದ್ದಾಳೆ. ರೈತರು ನಕ್ಕರು, ಆದರೆ ಗೇಲಿ ಮಾಡಲಿಲ್ಲ. ನಮ್ಮ ಬರಿಯ ವಿಷಯ ಅಷ್ಟರಲ್ಲಿ ಊರೆಲ್ಲ ಹಬ್ಬಿತ್ತು. ಒಬ್ಬ ಹಲ್ಲಿಲ್ಲದ ಅಜ್ಜ ನನ್ನ ಕೈ ಹಿಡಿದು, "ಹಾಗಾದರೆ ನಿಮ್ಮಲ್ಲಿ ಮನೆಯ ಯಜಮಾನ ಯಾರು?" ಎಂದು ಕೇಳಿದ.

"ತಾಯಿಯ ಅಣ್ಣ. ಅಂದರೆ ನಾನು" ಎಂದೆ ಗತ್ತಿನಲ್ಲಿ.

"ಮತ್ತೆ ನಿಮ್ಮ ಮಾತು ಅವಳು ಕೇಳುತ್ತಾಳಾ?"

"ಎಲ್ಲವನ್ನೂ."

"ನನ್ನ ಮಾತು ನನ್ನ ನಾಯಿ ಕೂಡ ಕೇಳುವುದಿಲ್ಲ" ಎಂದು ಅಜ್ಜ ನಿಟ್ಟುಸಿರು ಬಿಟ್ಟ. ಎಲ್ಲರೂ ನಕ್ಕರು. ಸುಮತಿಯೂ ನಕ್ಕಳು, ಆದರೆ ನನ್ನ ಮುಖ ನೋಡಲಿಲ್ಲ.

ಮತ್ತೆ ಅದೇ ಕೋಣೆ

ಶುಕ್ರವಾರಕ್ಕೆ ಅವಳು ಎಂತ ಹಾಕಬೇಕು ಎಂದು ಕೇಳಿದಾಗ, "ನಿನಗೆ ಬೇಕಾದ್ದು ಹಾಕು ಮಾರಾಯ್ತಿ, ನನ್ನ ಹತ್ತಿರ ಕೇಳ್ಬೇಡ" ಎಂದೆ. ಉಣ್ಣೆಯ ಪ್ಯಾಂಟು ಹಾಕಿದಳು. ಅವಳ ಜೊತೆಗೆ ಕಲಿಯುವ ಮಕ್ಕಳು ತಮ್ಮ ತಮ್ಮ ಕೆಲಸ ಬಿಟ್ಟು ಬಂದು ಅವಳ ಜೊತೆ ಅಕ್ಷರ ಒತ್ತಿದ್ದರು. ಅವರೂ ಎಲ್ಲ ಗೋಡೆಗೆ ಒರಗಿ ನಿಂತಿದ್ದರು.

ಡೋಲನ್ ಕಡಸಿನದ್ದೂ ಅದರ ಅಪ್ಪನದ್ದೂ ಕೇಳಿದ. "ಬೇಡ" ಎಂದು ಬಂತು. ಅಣ್ಣತಂಗಿ ಕೇಳಿದ. "ಬೇಡ." ದೂರದ್ದು ಕೇಳಿದ. "ಆಗಬಹುದು." ಕೊನೆಗೆ ಒಂದು ಎಳೆಯ ಹೋರಿ, ಒಂದು ಎಳೆಯ ಕಡಸು ಹೇಳಿದ. ಗಾಜಿನ ಮೇಲೆ ಗೆರೆಗಳು ಮೂಡಿದವು. ಹೋರಿಯ ಅಪ್ಪ, ಕಡಸಿನ ತಾಯಿ. ಅವರಿಬ್ಬರ ಮೇಲೆ ಒಂದೇ ಅಪ್ಪ ಅಮ್ಮ. ಅಂದರೆ ಅಣ್ಣನ ಮಗ, ತಂಗಿಯ ಮಗಳು.

"ಹತ್ತಿರದ ಸಂಬಂಧ, ಬೇಡ" ಎಂದು ಬಂತು.

ಡೋಲನ್ ತಲೆಯಾಡಿಸಿದ. ರೈತರು ಚಪ್ಪಾಳೆ ಹೊಡೆದರು. ಪರೀಕ್ಷಕರು ಎದ್ದು ಬಂದು ಸುಮತಿಯ ಕೈ ಕುಲುಕಿದರು. ಆನ್ ಟೀಚರು ಅವಳನ್ನು ತಬ್ಬಿಕೊಂಡರು. ನಾನೂ ಚಪ್ಪಾಳೆ ಹೊಡೆದೆ, ಅಂಗೈ ಉರಿಯುವಷ್ಟು ಹೊಡೆದೆ. ನನ್ನ ಕಣ್ಣಿನಲ್ಲಿ ನೀರು ಬಂತು, ಬರಲಿ, ಎಂತ ನಾಚಿಕೆ? ಆದರೆ ಕಣ್ಣು ಮಾತ್ರ ಆ ಗೆರೆಗಳ ಮೇಲೆಯೇ ಇತ್ತು. ಆ ಅಣ್ಣ ನಾನು, ಆ ತಂಗಿ ಕಮಲ.

ದನದ ನ್ಯಾಯ ದನಕ್ಕೆ ಎಂದು ನನಗೆ ನಾನೇ ಹೇಳಿಕೊಂಡೆ. ಹಾಗೆ ನೋಡಿದರೆ ನಮ್ಮ ಸೀಮೆಯ ಅರ್ಧ ಮದುವೆ ನಿಲ್ಲಬೇಕು, ನಾನೇ ಹುಟ್ಟಬಾರದಿತ್ತು. ಒಂದು ಮಿಷನ್ ಹೇಳಿತು ಅಂತ ಬಿಡುವ ಜನ ನಾನಲ್ಲ. ಆ ದಿನ ಊಟಕ್ಕೆ ಬ್ರೀಡಾಬಾಯಿ ದೊಡ್ಡ ಮೀನು ಬೇಯಿಸಿದ್ದರು. ಹುಡುಗಿ ನಗುತ್ತಾ, ಊರಿಗೆ ಬಂದು ನಮ್ಮ ಹಾಲಿನ ಸೊಸೈಟಿಗಳಿಗೆ ಇದನ್ನೇ ಮಾಡಬೇಕು ಮಾವ, ಬೆಳ್ಳಾರೆಯಿಂದ ಶುರು ಮಾಡುದು ಎಂದು ಲೆಕ್ಕ ಹಾಕುತ್ತಿದ್ದಳು. ಇದಕ್ಕಿಂತ ಒಳ್ಳೆಯ ಹೊತ್ತು ಸಿಗುವುದಿಲ್ಲ ಅನ್ನಿಸಿತು.

"ಸುಮತಿ, ಒಂದು ಮಾತು" ಎಂದೆ.

ಅವಳು ಚಮಚ ಕೆಳಗಿಟ್ಟಳು. ನಗು ಮಾಯ. ಬೆನ್ನು ನೆಟ್ಟಗೆ ಮಾಡಿ, ಎರಡೂ ಕೈ ತೊಡೆಯ ಮೇಲಿಟ್ಟು, "ಹೇಳಿ ಮಾವ" ಎಂದಳು. ಒದ್ದೆ ಸೀರೆಯಲ್ಲಿ ನಡುಗುತ್ತಾ ಬಂದ ದಿನವೂ ಮುಖ ಹೀಗೆಯೇ ಇತ್ತು. ಆ ದಿನ ನಾನು ಅದನ್ನು ವಿನಯ ಅಂದುಕೊಂಡಿದ್ದೆ.

"ಉಪ್ಪು ಕೊಡು" ಎಂದೆ.

ಬಸ್ ಸ್ಟಾಪು

ಹೊರಡುವ ದಿನ ಮಳೆ ಇರಲಿಲ್ಲ. ಡೋಲನ್ ಬಂದು ಕೈ ಕುಲುಕಿ ಹೋದ. ಬ್ರೀಡಾಬಾಯಿ ದಾರಿಗೆ ರೊಟ್ಟಿ ಕಟ್ಟಿಕೊಟ್ಟರು. ಬೇಡ ಎಂದು ಹೇಳಿದರೆ ಹೊತ್ತು ಹೋಗುತ್ತದೆ ಎಂದು ಮೊದಲ ಸಲಕ್ಕೇ ತೆಗೆದುಕೊಂಡೆ. ಸ್ಟಾಪಿನಲ್ಲಿ ನಾನೂ ಸುಮತಿಯೂ ಇಬ್ಬರೇ. ಹರೀಶನಿಗೆ ಎಂತ ಹೇಳುವುದು, ತಂಗಿಗೆ ಎಂತ ಹೇಳುವುದು ಎಂದು ನಾನು ಯೋಚನೆ ಮಾಡುತ್ತಿದ್ದೆ. ಹೇಳಲಿಕ್ಕೆ ಕಷ್ಟವೇ. ಹುಡುಗ ಆಸೆ ಇಟ್ಟುಕೊಂಡಿದ್ದ, ನಾನೂ ಇಟ್ಟುಕೊಂಡಿದ್ದೆ.

ದೂರದಲ್ಲಿ ಬಸ್ಸು ಕಂಡಿತು. ಈ ಸಲ ಬೋರ್ಡು ಸರಿಯಾಗಿ ಓದಿದೆ.

"ಮಾವ, ನೀವು ಬಂದ ಕೆಲಸ ಹೇಳ್ಲೇ ಇಲ್ಲ" ಎಂದಳು ಸುಮತಿ.

"ಎಂತ ಕೆಲಸ? ನಿನ್ನ ಪರೀಕ್ಷೆ ನೋಡುದು. ನೋಡಿ ಆಯ್ತಲ್ಲ."

"ಅದಲ್ಲ. ಹರೀಶ ಭಾವನ ವಿಷಯ. ಅಮ್ಮ ಮೊದಲೇ ಪತ್ರ ಬರೆದಿದ್ರು, ಅವರ ಬಾಯಲ್ಲಿ ಎಂತ ನಿಲ್ತದೆ ಮಾವ?"

ನಾನು ಬಸ್ಸಿನ ಕಡೆ ನೋಡುತ್ತಾ ನಿಂತೆ.

"ನೀವು ಬಂದ ದಿನದಿಂದ ಹೆದರಿಕೆ ನನಗೆ, ಈಗ ಕೇಳ್ತೀರಿ, ಈಗ ಕೇಳ್ತೀರಿ ಅಂತ. ಹರೀಶ ಭಾವನನ್ನು ನಾನು ಯಾವತ್ತೂ ಹಾಗೆ ನೋಡಿದ್ದಿಲ್ಲ. ಆದ್ರೆ ನೀವು ಕೇಳಿದ್ರೆ ಹೂಂ ಅಂತಿದ್ದೆ ಮಾವ. ನಿಮಗೆ ಇಲ್ಲ ಅನ್ಲಿಕ್ಕೆ ನನ್ನಿಂದ ಆಗುದಿಲ್ಲ."

"ಗೊತ್ತುಂಟು ಮಗಾ" ಎಂದೆ. "ಅದಕ್ಕೇ ಕೇಳಲಿಲ್ಲ."